ಮೌಸರ್ ಸಿ96ಗೆ ಅಸಲಿ ಹೋಲ್ಸ್ಟರ್ ಸ್ಟಾಕ್ ಹುಡುಕಿದ ಕಥೆ: ಮೊದಲು ಕಾಗದ, ಆಮೇಲೆ ಮರ

ಕಳೆದ ವಾರ ಪಾರ್ಸೆಲ್ ಕೈಗೆ ಬಂತು. ಒಳಗಿದ್ದದ್ದು ವಾಲ್ನಟ್ ಮರದ ಒಂದು ಉದ್ದನೆಯ ಪೆಟ್ಟಿಗೆ. ಜರ್ಮನಿಯ ಮೌಸರ್ ಸಿ96 ಪಿಸ್ತೂಲಿಗೆ ಅಂತಲೇ ಮಾಡಿದ ಅಸಲಿ ಹೋಲ್ಸ್ಟರ್ ಸ್ಟಾಕ್. ಇದಕ್ಕಾಗಿ ಅಮೆರಿಕದಲ್ಲಿ ಕುಳಿತು ನಾನು ಓದಿದ ಕಾನೂನು, ತುಂಬಿದ ಫಾರಂ, ಕಾದ ಕಾಯುವಿಕೆ ಎಲ್ಲ ಇನ್ನೂ ತಲೆಯಲ್ಲಿ ಹಸಿಯಾಗಿದೆ. ಈ ಹವ್ಯಾಸದ ಬಗ್ಗೆ ಕನ್ನಡದಲ್ಲಿ ಓದಲು ನನಗೆ ಏನೂ ಸಿಕ್ಕಿರಲಿಲ್ಲ. ಮುಂದೆ ಹುಡುಕುವವರಿಗೆ ಸಿಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ವಸ್ತು ಏನು ಅಂತ ಹೇಳಿಬಿಡುತ್ತೇನೆ. ಪೆಟ್ಟಿಗೆಯ ದಪ್ಪ ತುದಿಯಲ್ಲಿ ಕೀಲು ಹಾಕಿದ ಮುಚ್ಚಳ ಇರುತ್ತದೆ. ಮುಚ್ಚಳ ತೆರೆದು ಪಿಸ್ತೂಲನ್ನು ಒಳಗೆ ಇಳಿಸಿದರೆ ಅದು ಹೋಲ್ಸ್ಟರ್. ಸೊಂಟಕ್ಕೋ ಹೆಗಲಿಗೋ ತೂಗುಹಾಕಿಕೊಳ್ಳಬಹುದು. ಪಿಸ್ತೂಲನ್ನು ಹೊರಗೆ ತೆಗೆದು, ಪೆಟ್ಟಿಗೆಯ ಸಣ್ಣ ತುದಿಯಲ್ಲಿರುವ ಕಬ್ಬಿಣದ ನಾಲಿಗೆಯನ್ನು ಪಿಸ್ತೂಲಿನ ಹಿಡಿಯ ಹಿಂಬದಿಯ ಸ್ಲಾಟ್‌ಗೆ ಜಾರಿಸಿದರೆ 'ಟಕ್' ಅಂತ ಕೂರುತ್ತದೆ. ಈಗ ಅದೇ ಪೆಟ್ಟಿಗೆ ಭುಜಕ್ಕೆ ಒರಗಿಸುವ ಸ್ಟಾಕ್. ಪಿಸ್ತೂಲು ಒಂದು ಪುಟ್ಟ ಕಾರ್ಬೈನ್, ಅಂದರೆ ಗಿಡ್ಡ ರೈಫಲ್, ಆಯಿತು.

ಸಿ96 ನನಗೆ ಹಿಡಿಸಿದ್ದು ಅದರ ಯಂತ್ರದ ಕಾರಣಕ್ಕೆ. ಓಬರ್ನ್‌ಡಾರ್ಫ್ ಊರಿನ ಮೌಸರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಫೀಡರ್ಲೆ ಸಹೋದರರು ಇದನ್ನು ರೂಪಿಸಿದರು. ಮೊದಲ ಮಾದರಿ ತಯಾರಾದದ್ದು 1895ರಲ್ಲಿ. 1896ರಿಂದ 1937ರವರೆಗೆ ಹತ್ತಿರ ಹತ್ತಿರ 10 ಲಕ್ಷ ಪಿಸ್ತೂಲು ತಯಾರಾದವು. ಇಡೀ ಪಿಸ್ತೂಲಿನಲ್ಲಿ ಒಂದೇ ಒಂದು ಸ್ಕ್ರೂ, ಅದೂ ಹಿಡಿಯ ಮರದ ಪಟ್ಟಿಗಳನ್ನು ಹಿಡಿದಿಡಲು. ಒಳಗಿನ ಭಾಗಗಳೆಲ್ಲ ಒಂದರೊಳಗೊಂದು ಸೇರಿ ಕೂರುತ್ತವೆ. 1898ರಲ್ಲಿ ಸೂಡಾನಿನ ಒಂಡುರ್ಮನ್ ಯುದ್ಧದಲ್ಲಿ ಯುವಕ ವಿನ್‌ಸ್ಟನ್ ಚರ್ಚಿಲ್ ಕೈಯಲ್ಲಿದ್ದದ್ದೂ ಸಿ96. ಭುಜಕ್ಕೆ ಪೆಟ್ಟಾಗಿದ್ದರಿಂದ ಅವರು ಕತ್ತಿ ಬಿಟ್ಟು ಪಿಸ್ತೂಲು ಹಿಡಿದಿದ್ದರು.

ಈ ಪಿಸ್ತೂಲಿನ ಹಿಂದಿನ ಸೈಟ್ (ಗುರಿ ಹಿಡಿಯುವ ಪಟ್ಟಿ) ನೋಡಿದರೆ ಸ್ಟಾಕ್ ಯಾಕೆ ಮುಖ್ಯ ಅಂತ ಗೊತ್ತಾಗುತ್ತದೆ. ನನ್ನದರಲ್ಲಿ 50ರಿಂದ 1000 ಮೀಟರ್‌ವರೆಗೆ ಗುರುತು ಕೊರೆದಿದ್ದಾರೆ. ಕೈಯಲ್ಲಿ ಹಿಡಿದ ಪಿಸ್ತೂಲಿನಿಂದ 1000 ಮೀಟರ್ ದೂರ ಹೊಡೆಯುವ ಮಾತೇ ಇಲ್ಲ. ಕಾರ್ಖಾನೆಯವರ ಲೆಕ್ಕದಲ್ಲಿ ಪಿಸ್ತೂಲು ಮತ್ತು ಸ್ಟಾಕ್ ಸೇರಿ ಒಂದು ವಸ್ತು. ನಾನು ಕಲಿತದ್ದೂ ಅದನ್ನೇ. ಕಾನೂನು ನೋಡುವುದು ಜೋಡಿಯನ್ನು, ಬೆಲೆ ಕಟ್ಟುವುದು ಜೋಡಿಗೆ, ಚರಿತ್ರೆ ಇರುವುದೂ ಜೋಡಿಯಲ್ಲಿ. ಸುಮ್ನೆ ಒಂದು ಮರದ ತುಂಡು ಅಂದುಕೊಂಡು ಕೈ ಹಾಕಬೇಡಿ.

ಕಾನೂನಿನಿಂದಲೇ ಶುರು ಮಾಡುತ್ತೇನೆ. ಇಲ್ಲಿರುವ ನಮ್ಮವರಲ್ಲಿ ಬಹಳ ಜನ ಎಚ್‌1ಬಿ, ಎಫ್‌1 ವೀಸಾದಲ್ಲಿದ್ದಾರೆ, ಅಲ್ವಾ? ಇಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು, ಪಿಸ್ತೂಲು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ, ಹಾಗೆಯೇ ಇನ್ನು ಕೆಲವು ವಿನಾಯಿತಿಗಳಿವೆ. ಆದರೆ ಅದನ್ನು ನಂಬಿ ಹವ್ಯಾಸ ಶುರು ಮಾಡುವ ಮೊದಲು ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ನಾನು ಗ್ರೀನ್ ಕಾರ್ಡ್ ಬರುವವರೆಗೆ ಓದುವುದರಲ್ಲೇ ತೃಪ್ತಿಪಟ್ಟೆ. ಮ್ಯೂಸಿಯಂ ಗಾಜಿನ ಈಚೆ ನಿಂತು ಎಷ್ಟೋ ಸಲ ಆಸೆಯಿಂದ ನೋಡಿದ್ದೇನೆ. ಆ ವರ್ಷಗಳು ವ್ಯರ್ಥವಾಗಲಿಲ್ಲ. ಕೊಳ್ಳುವ ಹೊತ್ತಿಗೆ ಏನು ನೋಡಬೇಕು ಅಂತ ಗೊತ್ತಿತ್ತು.

ಈಗ ಮುಖ್ಯ ವಿಷಯ. ಅಮೆರಿಕದಲ್ಲಿ 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್ ಇದೆ. 16 ಇಂಚಿಗಿಂತ ಚಿಕ್ಕ ನಳಿಗೆಯ ರೈಫಲ್ ಈ ಕಾಯ್ದೆಯ ಹಿಡಿತಕ್ಕೆ ಬರುತ್ತದೆ. ಪಿಸ್ತೂಲಿಗೆ ಭುಜದ ಸ್ಟಾಕ್ ಸೇರಿಸಿದ ಕ್ಷಣ ಕಾನೂನಿನ ಕಣ್ಣಿಗೆ ಅದು ರೈಫಲ್. ಸಿ96ರ ನಳಿಗೆ ಆರು ಇಂಚಿನ ಆಸುಪಾಸು. ಅಂದರೆ ನೋಂದಣಿ ಇಲ್ಲದೆ ಸ್ಟಾಕ್ ಸಿಕ್ಕಿಸಿದರೆ ಅಪರಾಧ. ಶಿಕ್ಷೆ 10 ವರ್ಷದವರೆಗೆ ಜೈಲು. ಸಿಕ್ಕಿಸದೇ ಇದ್ದರೂ, ಪಿಸ್ತೂಲು ಮತ್ತು ಅದಕ್ಕೆ ಹೊಂದುವ ಸ್ಟಾಕ್ ಎರಡೂ ನಿಮ್ಮ ಮನೆಯಲ್ಲಿದ್ದರೆ ಪ್ರಶ್ನೆ ಏಳಬಹುದು. 1992ರಲ್ಲಿ ಥಾಂಪ್ಸನ್ ಸೆಂಟರ್ ಆರ್ಮ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿದ್ದು ಹೆಚ್ಚುಕಡಿಮೆ ಇದೇ ಬಗೆಯ ಪ್ರಶ್ನೆ: ಬಿಡಿಭಾಗಗಳು ಒಟ್ಟಿಗೆ ಇದ್ದರೆ ಯಾವಾಗ ಅದು ಚಿಕ್ಕ ನಳಿಗೆಯ ರೈಫಲ್ ಆಗುತ್ತದೆ ಅಂತ.

ಹಾಗಾದರೆ ಸಂಗ್ರಹಕಾರರು ಹೇಗೆ ಇಟ್ಟುಕೊಳ್ಳುತ್ತಾರೆ? ಬಂದೂಕುಗಳ ಕಾನೂನು ನೋಡಿಕೊಳ್ಳುವ ಫೆಡರಲ್ ಇಲಾಖೆ ಎಟಿಎಫ್, 'ಕ್ಯೂರಿಯೋಸ್ ಆರ್ ರೆಲಿಕ್ಸ್' ಅನ್ನುವ ಪಟ್ಟಿ ಇಟ್ಟಿದೆ. ಎಲ್ಲರೂ ಸಿ ಆಂಡ್ ಆರ್ ಅಂತಲೇ ಕರೆಯುವುದು. ಅದರಲ್ಲಿ ಒಂದು ಭಾಗ 1934ರ ಕಾಯ್ದೆಯಿಂದ ಹೊರಗಿಟ್ಟ ಆಯುಧಗಳದು. ಇವು ಮುಖ್ಯವಾಗಿ ಸಂಗ್ರಹದ ವಸ್ತುಗಳು, ಆಯುಧವಾಗಿ ಬಳಕೆಯಾಗುವ ಸಂಭವ ಕಡಿಮೆ ಅನ್ನುವ ಕಾರಣಕ್ಕೆ ಹೊರಗಿಟ್ಟಿದ್ದಾರೆ. ನನ್ನ ಪಾಲಿಗೆ ಇಡೀ ಪಟ್ಟಿಯಲ್ಲಿ ಬೇಕಾಗಿದ್ದು ಒಂದೇ ಸಾಲು. ಅದರ ತಿರುಳು ಇಷ್ಟು: 1940ಕ್ಕೆ ಮೊದಲು ಜರ್ಮನಿಯಲ್ಲಿ ತಯಾರಾದ, ಸೆಮಿ ಆಟೋಮ್ಯಾಟಿಕ್ ಮೌಸರ್ 1896 (ಅಂದರೆ ಸಿ96) ಪಿಸ್ತೂಲು, ಜೊತೆಗೆ ಜರ್ಮನಿಯಲ್ಲೇ ತಯಾರಾದ ಅಸಲಿ ಮರದ ಹೋಲ್ಸ್ಟರ್ ಸ್ಟಾಕ್.

ಆ ಸಾಲನ್ನು ಒಂದೊಂದು ಪದವಾಗಿ ಓದಿ. 'ಸೆಮಿ ಆಟೋಮ್ಯಾಟಿಕ್' ಅಂದರೆ ಒಂದು ಸಲ ಟ್ರಿಗರ್ ಒತ್ತಿದರೆ ಒಂದೇ ಗುಂಡು. ಹಾಗಾಗಿ ಸಿ96ರದ್ದೇ ಮಾದರಿಯಾದ 1930ರ ದಶಕದ ಶ್ನೆಲ್‌ಫಾಯರ್ ಇದರಲ್ಲಿ ಬರುವುದಿಲ್ಲ. ಅದು ಟ್ರಿಗರ್ ಒತ್ತಿದಷ್ಟು ಹೊತ್ತು ಸಿಡಿಯುತ್ತದೆ, ಕಾನೂನಿನಲ್ಲಿ ಮೆಷಿನ್ ಗನ್. 'ಜರ್ಮನಿಯಲ್ಲಿ ತಯಾರಾದ' ಅಂದರೆ ಚೀನಾ, ಸ್ಪೇನ್‌ಗಳಲ್ಲಿ ಮಾಡಿದ, ಸಿ96 ಥರವೇ ಕಾಣುವ ಪಿಸ್ತೂಲುಗಳಿಗೆ ಈ ಸಾಲು ರಕ್ಷಣೆ ಕೊಡುವುದಿಲ್ಲ. 'ಅಸಲಿ' ಅಂದರೆ ಇತ್ತೀಚೆಗೆ ಮಾಡಿದ ನಕಲು ಸ್ಟಾಕ್ ತಂದು ಸಿಕ್ಕಿಸಿ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಇನ್ನೊಂದು ಹಳೆಯ ಜರ್ಮನ್ ಪಿಸ್ತೂಲು ಲೂಗರ್ ಕಡೆ ಹೋಗುವವರಿಗೆ ಷರತ್ತು ಇನ್ನೂ ನಿರ್ದಿಷ್ಟ. 1914ರಿಂದ 1918ರ ಆರ್ಟಿಲರಿ ಲೂಗರ್‌ಗೆ ಜರ್ಮನ್ ಪ್ರೂಫ್ (ಪರೀಕ್ಷೆಯ) ಮುದ್ರೆ ಇರುವ ಅಸಲಿ ಚಪ್ಪಟೆ ಹಲಗೆಯ ಸ್ಟಾಕ್ ಬೇಕು. ನೇವಿ ಲೂಗರ್‌ಗೆ ನೇವಿಯದ್ದೇ ಸ್ಟಾಕ್. ಕೆನಡಾದ ಇಂಗ್ಲಿಸ್ ಕಂಪನಿ ಚೀನಾಕ್ಕಾಗಿ ಮಾಡಿದ ಪಿಸ್ತೂಲು ಬ್ರೌನಿಂಗ್ ಹೈ ಪವರ್‌ಗೆ ಕೆನಡಾದಲ್ಲೇ ಮಾಡಿದ ಮರದ ಹೋಲ್ಸ್ಟರ್. ಒಂದರ ಸ್ಟಾಕ್ ಇನ್ನೊಂದಕ್ಕೆ ಹಾಕಿದರೆ ವಿನಾಯಿತಿ ಹಾರಿಹೋಯಿತು.

ಇಲ್ಲೇ ಇನ್ನೊಂದು ಗೊಂದಲ ಇದೆ. ಗನ್ ಶೋಗಳಲ್ಲಿ (ಬಂದೂಕು ಮಾರುವ ಮೇಳಗಳಲ್ಲಿ) ಬಹಳ ಜನ ಹೇಳುತ್ತಾರೆ, '1898 ಅಥವಾ ಅದಕ್ಕೂ ಹಿಂದಿನದಾದರೆ ಆಂಟಿಕ್, ಯಾವ ಕಾನೂನೂ ಇಲ್ಲ' ಅಂತ. ಅದು ಅರ್ಧ ಸತ್ಯ. 1968ರ ಗನ್ ಕಂಟ್ರೋಲ್ ಆಕ್ಟ್‌ನಲ್ಲಿ 1898ರ ಗೆರೆ ಹೌದು. ಆದರೆ 1934ರ ಕಾಯ್ದೆಯಲ್ಲಿ ಆಂಟಿಕ್ ಅನ್ನುವುದಕ್ಕೆ ಬೇರೆ ವ್ಯಾಖ್ಯಾನ. ಅಲ್ಲಿ ಮಾರುಕಟ್ಟೆಯಲ್ಲಿ ಮಾಮೂಲಾಗಿ ಸಿಗುವ ಕಾರ್ಟ್ರಿಜ್ (ಗುಂಡು) ಬಳಸುವ ಆಯುಧಕ್ಕೆ ವರ್ಷ ಒಂದೇ ಸಾಲದು. ಸಿ96ರ 7.63 ಮೌಸರ್ ಗುಂಡು ಇವತ್ತಿಗೂ ತಯಾರಾಗುತ್ತದೆ. ಆದ್ದರಿಂದ ನಿಮ್ಮ ಪಿಸ್ತೂಲು 1897ರದ್ದೇ ಆಗಿರಲಿ, ಸ್ಟಾಕ್ ವಿಷಯದಲ್ಲಿ ನಂಬಬೇಕಾದ್ದು ಸಿ ಆಂಡ್ ಆರ್ ಪಟ್ಟಿಯ ಸಾಲನ್ನು. ನಾನು ಆ ಪುಟವನ್ನು ಪ್ರಿಂಟ್ ಮಾಡಿ ಪಿಸ್ತೂಲಿನ ಕಾಗದಗಳ ಜೊತೆಗೇ ಇಟ್ಟಿದ್ದೇನೆ. ರಾಜ್ಯದ ಕಾನೂನು ಬೇರೆಯೇ ಇರುತ್ತದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯಂಥ ಕಡೆ ಜಾಸ್ತಿ ಬಿಗಿ. ಫೆಡರಲ್ ವಿನಾಯಿತಿ ಇದೆ ಅಂತ ರಾಜ್ಯ ಸುಮ್ಮನಿರಬೇಕು ಅಂತೇನಿಲ್ಲ.

ಮುಂದಿನದು ಲೈಸೆನ್ಸ್. ಸಂಗ್ರಹಕಾರರಿಗೆ ಟೈಪ್ 03 ಅನ್ನುವ ಫೆಡರಲ್ ಲೈಸೆನ್ಸ್ ಇದೆ. ಇದು ಕಡ್ಡಾಯ ಅಲ್ಲ. ಇಲ್ಲದಿದ್ದರೆ ಬೇರೆ ರಾಜ್ಯದಿಂದ ಕೊಂಡ ಪಿಸ್ತೂಲು ನಿಮ್ಮ ರಾಜ್ಯದ ಡೀಲರ್ ಅಂಗಡಿಗೆ ಬರಬೇಕು. ಅಲ್ಲಿ 4473 ಫಾರಂ ತುಂಬಿ, ಹಿನ್ನೆಲೆ ಪರಿಶೀಲನೆ ಮುಗಿದ ಮೇಲೆ ಕೈಗೆ ಸಿಗುತ್ತದೆ. ಡೀಲರ್ ತನ್ನ ಶುಲ್ಕ ಬೇರೆ ತೆಗೆದುಕೊಳ್ಳುತ್ತಾರೆ. ಟೈಪ್ 03 ಇದ್ದರೆ ಸಿ ಆಂಡ್ ಆರ್ ವಸ್ತುಗಳನ್ನು ಬೇರೆ ರಾಜ್ಯದಿಂದಲೂ ನೇರವಾಗಿ ತರಿಸಿಕೊಳ್ಳಬಹುದು. ಶುಲ್ಕ 3 ವರ್ಷಕ್ಕೆ 30 ಡಾಲರ್. 21 ವರ್ಷ ತುಂಬಿರಬೇಕು. ಫಾರಂನ ಒಂದು ಪ್ರತಿಯನ್ನು ನಿಮ್ಮ ಊರಿನ ಪೊಲೀಸ್ ಮುಖ್ಯಸ್ಥರಿಗೋ ಶೆರಿಫ್‌ಗೋ ಕಳಿಸಬೇಕು. ಅದು ತಿಳಿಸುವುದಕ್ಕೆ ಮಾತ್ರ, ಅವರ ಒಪ್ಪಿಗೆ ಬೇಕಿಲ್ಲ. ಗ್ರೀನ್ ಕಾರ್ಡ್‌ನವರು ಏಲಿಯನ್ ನಂಬರ್ ಬರೆಯುವಾಗ ಎರಡು ಸಲ ನೋಡಿ. ಹೆಸರು ಕೂಡ ಕಾರ್ಡಿನಲ್ಲಿ ಇದ್ದ ಹಾಗೇ ಇರಲಿ. ನಮ್ಮ ಹೆಸರುಗಳಲ್ಲಿ ಅಪ್ಪನ ಹೆಸರು, ಊರಿನ ಹೆಸರು, ಇನಿಷಿಯಲ್ ಎಲ್ಲ ಹಿಂದೆ ಮುಂದೆ ಆಗುತ್ತದೆ ನೋಡಿ, ಅದಕ್ಕೇ ಹೇಳಿದ್ದು.

ಅರ್ಜಿ ಸರಿಯಾಗಿ ತಲುಪಿದ ಮೇಲೆ 60 ದಿನದೊಳಗೆ ತೀರ್ಮಾನ ಆಗಬೇಕು ಅಂತ ಕಾನೂನು. ಆ ಕಾಯುವಿಕೆಯಲ್ಲಿ ನನಗೆ ಒಂಥರಾ ಅಳುಕು ಇತ್ತು. ಪರದೇಶದಲ್ಲಿ, ಆಯುಧದ ವಿಷಯದಲ್ಲಿ, ಸರ್ಕಾರಕ್ಕೆ ನಾನಾಗಿಯೇ ಹೆಸರು ಕೊಟ್ಟಿದ್ದೇನೆ. ಮುಂದೆ ಪೌರತ್ವದ ಅರ್ಜಿಗೆ ತೊಂದರೆ ಆದೀತೇ? ರಾತ್ರಿ ಇದೇ ಯೋಚನೆ. ಹೆಂಡತಿ ಒಂದು ದಿನ ಕೇಳಿದಳು, "ರೀ, ಕದ್ದುಮುಚ್ಚಿ ಮಾಡೋರು ಹೆದರಬೇಕು. ನೀವು ಕೇಳಿ ಮಾಡ್ತಿದ್ದೀರಲ್ಲ, ನಿಮಗ್ಯಾಕೆ ಭಯ?" ಆಮೇಲೆ ನಿದ್ದೆ ಬಂತು. ಲಕೋಟೆಯಲ್ಲಿ ಲೈಸೆನ್ಸ್ ಬಂದ ದಿನ ಅವಳಿಗೇ ಮೊದಲು ತೋರಿಸಿದ್ದು.

ಲೈಸೆನ್ಸ್ ಜೊತೆಗೆ ಒಂದು ಜವಾಬ್ದಾರಿ ಬರುತ್ತದೆ. 'ಬೌಂಡ್ ಬುಕ್' ಅನ್ನುವ ರಿಜಿಸ್ಟರ್ ಇಡಬೇಕು. ಯಾವ ಆಯುಧ, ಯಾರಿಂದ, ಯಾವ ದಿನ ಬಂತು, ಯಾರಿಗೆ ಹೋಯಿತು ಎಲ್ಲ ಬರೆಯಬೇಕು. ಎಟಿಎಫ್ ವರ್ಷಕ್ಕೊಮ್ಮೆ ಈ ಪುಸ್ತಕವನ್ನೂ ಸಂಗ್ರಹವನ್ನೂ ನೋಡಬಹುದು. ಮನೆಗೆ ಬರುವುದು ಬೇಡ ಅನಿಸಿದರೆ ಅವರ ಕಚೇರಿಗೇ ತೆಗೆದುಕೊಂಡು ಹೋಗಿ ತೋರಿಸುವ ಅವಕಾಶವೂ ಇದೆ. ಇನ್ನೊಂದು ಮಾತು. ಇದು ವ್ಯಾಪಾರದ ಲೈಸೆನ್ಸ್ ಅಲ್ಲ. ಲಾಭಕ್ಕಾಗಿ ಕೊಂಡು ಮಾರುವುದಕ್ಕೆ ಇದನ್ನು ಬಳಸಬಾರದು.

ಪಿಸ್ತೂಲು ಕೊಂಡ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಹಿಂದಿನ ಕಮರ್ಷಿಯಲ್ ಮಾದರಿ, ವಯಸ್ಸಾದ ಒಬ್ಬ ಸಂಗ್ರಹಕಾರರಿಂದ ಸಿಕ್ಕಿತು. ಜನ ಜಾಸ್ತಿ ಹುಡುಕುವುದು 'ರೆಡ್ ನೈನ್' ಅನ್ನು. ಯುದ್ಧದ ಕಾಲದಲ್ಲಿ ಜರ್ಮನ್ ಸೈನ್ಯ 9 ಮಿಲಿಮೀಟರ್ ಗುಂಡಿನ 1,50,000 ಸಿ96ಗಳಿಗೆ ಆರ್ಡರ್ ಕೊಟ್ಟಿತ್ತು. ಗುಂಡು ಅದಲುಬದಲು ಆಗದಿರಲಿ ಅಂತ ಹಿಡಿಯ ಮೇಲೆ ದೊಡ್ಡ 9 ಅಂಕೆ ಕೊರೆದು ಕೆಂಪು ಬಣ್ಣ ತುಂಬಿದರು. ಅದರ ಸೈಟ್ 500 ಮೀಟರ್‌ಗೇ ನಿಲ್ಲುತ್ತದೆ. ಹೆಸರು ಇರುವುದರಿಂದ ಬೆಲೆಯೂ ಜಾಸ್ತಿ, ಆಮೇಲೆ ಕೊರೆದ ಸುಳ್ಳು ಒಂಬತ್ತೂ ಜಾಸ್ತಿ. ನನಗೆ 7.63 ಸಾಕಿತ್ತು. ಕೊಳ್ಳುವ ಮೊದಲು ಹಿಡಿಯ ಹಿಂದಿನ ಸ್ಲಾಟ್ ಅನ್ನು ಟಾರ್ಚ್ ಹಾಕಿ ನೋಡಿ. ಅಂಚು ಬಡಿದುಹೋಗಿದ್ದರೆ ಸ್ಟಾಕ್ ಗಟ್ಟಿಯಾಗಿ ಕೂರುವುದಿಲ್ಲ.

ನಿಜವಾದ ಪರೀಕ್ಷೆ ಶುರುವಾದದ್ದು ಸ್ಟಾಕ್ ಹುಡುಕುವಾಗ.

ಪಿಸ್ತೂಲು ಎಲ್ಲೆಲ್ಲೂ ಉಳಿದಿದೆ, ಮರ ಉಳಿದಿಲ್ಲ. ಮುಚ್ಚಳ ಕಳೆದುಹೋಗಿರುತ್ತದೆ, ಹಿಂಬದಿ ಸೀಳಿರುತ್ತದೆ, ಹುಳು ತಿಂದಿರುತ್ತದೆ. ಆದ್ದರಿಂದ ನಕಲುಗಳ ಹಾವಳಿ. ಗನ್ ಶೋಗಳಲ್ಲಿ ಮೇಜಿನ ಮೇಲೆ ಸಾಲಾಗಿ ಇಟ್ಟಿರುತ್ತಾರೆ. ದೂರದಿಂದ ಎಲ್ಲವೂ ಒಂದೇ. ಕೈಗೆ ತೆಗೆದುಕೊಂಡಾಗ ವ್ಯತ್ಯಾಸ ಗೊತ್ತಾಗುತ್ತದೆ. ನಾನು ನೋಡುತ್ತಿದ್ದ ಕ್ರಮ ಇದು. ಮೊದಲು ಕಬ್ಬಿಣ. ನಾಲಿಗೆಯ ಅಂಚುಗಳು ಯಂತ್ರದಲ್ಲಿ ಕಡಿದ ಹಾಗೆ ಚೂಪಾಗಿ, ಸಪಾಟಾಗಿ ಇರಬೇಕು. ಎರಕ ಹೊಯ್ದ ಹಾಗೆ ಮೇಲ್ಮೈ ದೊರಗಾಗಿದ್ದರೆ ಅನುಮಾನ. ಆಮೇಲೆ ಸ್ಕ್ರೂ. ಪ್ಲಸ್ ಆಕಾರದ ತಲೆ ಕಂಡರೆ ಅದು ಆ ಕಾಲದ್ದಲ್ಲ, ಮುಗಿಯಿತು. ಆಮೇಲೆ ಕಬ್ಬಿಣ ಮತ್ತು ಮರ ಸೇರುವ ಗೆರೆ. ಹಳೆಯದರಲ್ಲಿ ಮರ ಒಣಗಿ ಒಂದು ಕೂದಲೆಳೆಯಷ್ಟು ಕೆಳಗೆ ಇಳಿದಿರುತ್ತದೆ, ಬೆರಳು ಸವರಿದರೆ ಕಬ್ಬಿಣದ ಅಂಚು ತಾಗುತ್ತದೆ.

ಕೊನೆಗೆ ಒಳಭಾಗ. ಇದು ಬಹಳ ಮುಖ್ಯ. ಹೊರಗಡೆ ಬಣ್ಣ ಬಳಿದು ಹಳೆಯದು ಮಾಡಬಹುದು, ಒಳಗೆ ಮಾಡುವುದು ಕಷ್ಟ. ಪಿಸ್ತೂಲು ವರ್ಷಗಟ್ಟಲೆ ಕೂತು ಎದ್ದ ಜಾಗದಲ್ಲಿ ಮರ ಹೊಳಪು ಬಂದಿರುತ್ತದೆ. ನಳಿಗೆಯ ತುದಿ ತಾಗುವಲ್ಲಿ ಎಣ್ಣೆ ಕುಡಿದು ಕಪ್ಪಾಗಿರುತ್ತದೆ. ಎಲ್ಲ ಕಡೆ ಒಂದೇ ಸಮ ಕಂದು ಬಣ್ಣ ಇದ್ದರೆ, ಮೂಗಿಗೆ ಹೊಸ ವಾರ್ನಿಷ್ ವಾಸನೆ ಬಂದರೆ ವಾಪಸ್ ಇಟ್ಟುಬಿಡಿ. ಕೆಲವರು ಅಲ್ಟ್ರಾವಯಲೆಟ್ ಟಾರ್ಚ್ ತರುತ್ತಾರೆ. ಹೊಸ ಕಾಲದ ಅಂಟು, ಲೇಪನ ಅದರ ಬೆಳಕಿನಲ್ಲಿ ಬೇರೆಯಾಗಿ ಹೊಳೆಯುತ್ತದೆ. ಆ ಟಾರ್ಚ್‌ಗೆ ದುಡ್ಡು ಜಾಸ್ತಿ ಏನಿಲ್ಲ, ಇಟ್ಟುಕೊಳ್ಳಿ.

ಇಷ್ಟೆಲ್ಲ ಗೊತ್ತಿದ್ದರೂ ಫೋಟೋ ನೋಡಿ ಕೊಳ್ಳುವಾಗ ಕೈ ಕಟ್ಟಿಹಾಕಿದ ಹಾಗೆ. ಒಂದು ಹರಾಜು ಸಂಸ್ಥೆ 'ಅಸಲಿ, ಯುದ್ಧಪೂರ್ವ' ಅಂತ ಬರೆದಿತ್ತು. ಒಳಭಾಗದ ಫೋಟೋ ಕೇಳಿದೆ. ಕಳಿಸಿದ್ದು ಹೊರಭಾಗದ್ದೇ, ಇನ್ನೊಂದು ಕೋನದಿಂದ. ಮತ್ತೆ ಕೇಳಿದೆ. 'ಇದ್ದದ್ದು ಇದ್ದ ಹಾಗೆ ಮಾರುತ್ತೇವೆ' ಅಂತ ಉತ್ತರ. ನಾನು ಬಿಡ್ ಮಾಡಲಿಲ್ಲ. ಬೇರೊಬ್ಬರು ಕೊಂಡರು. ಸ್ವಲ್ಪ ದಿನಕ್ಕೆ ಅದೇ ಸ್ಟಾಕ್ 'ನಕಲು' ಅನ್ನುವ ಹೆಸರಲ್ಲಿ ಇನ್ನೊಂದು ಕಡೆ ಮಾರಾಟಕ್ಕೆ ಬಂತು. ಮರದ ಮೇಲಿನ ಗೀರು ನೋಡಿ ಗುರುತು ಹಿಡಿದೆ. ಕೊಂಡವರ ಸಂಕಟ ನೆನೆದು ಬೇಜಾರಾಯಿತು. ಒಳಗಿನ ಫೋಟೋ ಕೊಡದವರ ಹತ್ತಿರ ಕೊಳ್ಳಬೇಡಿ, ಎಷ್ಟೇ ಆಸೆಯಾಗಲಿ.

ಹರಾಜಿನ ಖರ್ಚಿನ ಬಗ್ಗೆಯೂ ಹೇಳಬೇಕು. ನೀವು ಕೂಗಿದ ಬೆಲೆ ನೀವು ಕೊಡುವ ಬೆಲೆಯಲ್ಲ. ಅದರ ಮೇಲೆ ಬಯರ್ಸ್ ಪ್ರೀಮಿಯಂ, ಅಂದರೆ ಕೊಂಡವರಿಂದ ಹರಾಜು ಸಂಸ್ಥೆ ತೆಗೆದುಕೊಳ್ಳುವ ಶುಲ್ಕ, ಇರುತ್ತದೆ. ಬಹಳ ಕಡೆ ಕೂಗಿದ ಬೆಲೆಯ ಐದನೇ ಒಂದು ಭಾಗದ ಆಸುಪಾಸು. ಆಮೇಲೆ ಮಾರಾಟ ತೆರಿಗೆ, ಪ್ಯಾಕಿಂಗ್, ವಿಮೆ, ಸಾಗಣೆ. ಕ್ರೆಡಿಟ್ ಕಾರ್ಡ್ ಬಳಸಿದರೆ ಕೆಲವರು ಅದಕ್ಕೂ ಹಾಕುತ್ತಾರೆ. ಮೊದಲೇ ಎಲ್ಲ ಕೂಡಿಸಿ, ನಿಮ್ಮ ಮಿತಿಯನ್ನು ಒಂದು ಕಾಗದದಲ್ಲಿ ಬರೆದಿಟ್ಟು ಕೂರಿ. ಎದುರಿನವರು ಐವತ್ತು ಏರಿಸಿದಾಗ ನಮಗೂ ಐವತ್ತು ಸಣ್ಣದು ಅನಿಸುತ್ತದೆ. ಹಾಗೆ ನಾಲ್ಕು ಸಲ ಅನಿಸಿದರೆ ಇನ್ನೂರು ಡಾಲರ್.

ಕೊನೆಗೆ ನನಗೆ ಸಿಕ್ಕಿದ್ದು ಹರಾಜಿನಲ್ಲಲ್ಲ. ಪಿಸ್ತೂಲು ಮಾರಿದ ಆ ಹಿರಿಯರೇ ಫೋನ್ ಮಾಡಿದರು. ಅವರ ಪರಿಚಯದ ಇನ್ನೊಬ್ಬರು ತೀರಿಕೊಂಡಿದ್ದರು, ಮಗಳು ಸಂಗ್ರಹವನ್ನು ಮಾರುತ್ತಿದ್ದರು. ಆಕೆಗೆ ವಸ್ತುಗಳ ಬಗ್ಗೆ ಜಾಸ್ತಿ ಗೊತ್ತಿರಲಿಲ್ಲ. ಆದರೆ ಅಪ್ಪ ಬರೆದಿಟ್ಟ ಚೀಟಿಗಳು ಇದ್ದವು. ಯಾವ ವರ್ಷ, ಯಾರಿಂದ, ಎಷ್ಟಕ್ಕೆ ಕೊಂಡದ್ದು ಅಂತ ಪ್ರತಿ ವಸ್ತುವಿಗೆ ದಾರ ಕಟ್ಟಿ ಚೀಟಿ ಅಂಟಿಸಿದ್ದರು. ನಾನು ಕೇಳಿದ ಫೋಟೋಗಳನ್ನೆಲ್ಲ ಕಳಿಸಿದರು. ಮುಚ್ಚಳ ತೆರೆದು, ಒಳಗೆ ದೀಪ ಹಿಡಿದು, ನಾಲಿಗೆಯ ಪಕ್ಕದಿಂದ, ಸ್ಕ್ರೂಗಳ ಹತ್ತಿರದಿಂದ. ಮಾರುಕಟ್ಟೆಯ ಬೆಲೆ ಎಷ್ಟು ಅಂತ ನಾನೇ ಆಕೆಗೆ ಹೇಳಿದೆ. ಈಚಿನ ಕೆಲವು ಹರಾಜುಗಳ ಫಲಿತಾಂಶ ಕಳಿಸಿದೆ. ಅಪ್ಪನನ್ನು ಕಳೆದುಕೊಂಡವರ ಹತ್ತಿರ ಅಗ್ಗಕ್ಕೆ ಹೊಡೆದುಕೊಂಡು ಬರುವುದು ನನ್ನಿಂದ ಆಗದು. ಎಂಟುನೂರು ಡಾಲರ್ ಹತ್ತಿರ ಮಾತು ಮುಗಿಯಿತು. ಆ ಚೀಟಿಯನ್ನೂ ಜೊತೆಗೆ ಕಳಿಸಿ ಅಂತ ಕೇಳಿಕೊಂಡೆ.

ಸ್ಟಾಕ್ ಒಂದೇ ಇದ್ದರೆ ಫೆಡರಲ್ ಕಾನೂನಿನಲ್ಲಿ ಅದು ಆಯುಧ ಅಲ್ಲ. ಸಾಮಾನ್ಯ ಪಾರ್ಸೆಲ್ ಹಾಗೆಯೇ ಕಳಿಸಬಹುದು. ಆದರೆ ಪಾರ್ಸೆಲ್ ದಾರಿಯಲ್ಲಿ ನಿಂತುಬಿಟ್ಟಿತು. ಟ್ರ್ಯಾಕಿಂಗ್‌ನಲ್ಲಿ ದಿನಾ ಅದೇ ಊರು, ಅದೇ ಗೋದಾಮು. ಫೋನ್ ಮಾಡಿದರೆ 'ಇನ್ನೊಂದೆರಡು ದಿನ ನೋಡಿ' ಅನ್ನುವ ಉತ್ತರ. ನೂರು ವರ್ಷ, ಎರಡು ಮಹಾಯುದ್ಧ, ಒಂದು ಸಮುದ್ರ ದಾಟಿ ಉಳಿದ ವಸ್ತು ಒಂದು ಗೋದಾಮಿನಲ್ಲಿ ಕಳೆದುಹೋದರೆ ಅನ್ನುವ ಯೋಚನೆಯಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. ಪೂರ್ತಿ ಬೆಲೆಗೆ ವಿಮೆ ಮಾಡಿಸಿದ್ದೆ, ದುಡ್ಡು ವಾಪಸ್ ಬರುತ್ತಿತ್ತು. ವಸ್ತು ಬರುತ್ತಿರಲಿಲ್ಲವಲ್ಲ. ಪಾರ್ಸೆಲ್ ಡಬ್ಬದ ಮೇಲಿನ ಲೇಬಲ್ ಹರಿದಿತ್ತು ಅಂತ ಆಮೇಲೆ ಗೊತ್ತಾಯಿತು. ನಿಮ್ಮ ಪಾರ್ಸೆಲ್ ಕಳಿಸುವವರಿಗೆ ಹೇಳಿ: ವಿಳಾಸ ಬರೆದ ಇನ್ನೊಂದು ಚೀಟಿ ಡಬ್ಬದ ಒಳಗೂ ಇರಲಿ. ನನ್ನದು ಪತ್ತೆಯಾದದ್ದು ಒಳಗಿನ ಆ ಚೀಟಿಯಿಂದಲೇ.

ಬಂತು. ಬಿಚ್ಚಿದೆ. ಹಳೆಯ ಮರ, ಎಣ್ಣೆ, ಚರ್ಮ ಮೂರೂ ಬೆರೆತ ವಾಸನೆ. ಮುಚ್ಚಳದ ಗುಂಡಿ ಒತ್ತಿದರೆ ತೆರೆಯಲಿಲ್ಲ. ಒಳಗಿನ ಸ್ಪ್ರಿಂಗ್ ಮೇಲೆ ಎಣ್ಣೆ ಗಟ್ಟಿಯಾಗಿ ಅಂಟಿನ ಹಾಗೆ ಕೂತಿತ್ತು. ಇಂಥ ಕಡೆ ಜೋರು ಮಾಡಬಾರದು. ಕೀಲಿನ ಹತ್ತಿರ ಮರ ತೆಳ್ಳಗಿರುತ್ತದೆ, ಸೀಳಿದರೆ ಮತ್ತೆ ಸೇರುವುದಿಲ್ಲ. ಒಂದು ಹನಿ ತೆಳು ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಗುಂಡಿಯ ಸುತ್ತ ಬಿಟ್ಟು ಒಂದು ರಾತ್ರಿ ಇಟ್ಟೆ. ಬೆಳಗ್ಗೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಮುಚ್ಚಳ ತಾನಾಗಿ ಮೇಲೆದ್ದಿತು. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. "ಇಷ್ಟು ವರ್ಷ ಆದ್ರೂ ಹೇಗೆ ಕೆಲಸ ಮಾಡ್ತಿದೆ ನೋಡ್ರೀ" ಅಂದಳು. ಪಿಸ್ತೂಲು ಖಾಲಿ ಇದೆಯಾ ಅಂತ ಮತ್ತೊಮ್ಮೆ ನೋಡಿ, ಸ್ಟಾಕ್ ಜಾರಿಸಿದೆ. ಅಲುಗಾಟ ಇಲ್ಲ. ಆ ಸದ್ದು ಕೇಳಿದಾಗ ಕಣ್ಣು ತುಂಬಿತು ಅಂದರೆ ನಂಬಿ.

ನಾಲಿಗೆಯ ಕಬ್ಬಿಣದ ಮೇಲೆ ಒಂದು ಸೀರಿಯಲ್ ನಂಬರ್ ಇದೆ. ನನ್ನ ಪಿಸ್ತೂಲಿನದಲ್ಲ. ಅಂದರೆ ಈ ಸ್ಟಾಕ್ ಬೇರೊಂದು ಪಿಸ್ತೂಲಿನ ಜೊತೆ ಕಾರ್ಖಾನೆಯಿಂದ ಹೊರಟದ್ದು. ಕಾನೂನಿಗೆ ತೊಂದರೆ ಇಲ್ಲ, ಸಿ96ರ ಸಾಲಿನಲ್ಲಿ ಅಸಲಿ ಮತ್ತು ಜರ್ಮನ್ ಅಂತ ಇದೆಯೇ ಹೊರತು ನಂಬರ್ ಒಂದೇ ಇರಬೇಕು ಅಂತಿಲ್ಲ. ಬೆಲೆಯಲ್ಲಿ ಮಾತ್ರ ಬಹಳ ವ್ಯತ್ಯಾಸ. ನಂಬರ್ ಕೂಡಿದ ಜೋಡಿಗೆ ಸಂಗ್ರಹಕಾರರು ಎಷ್ಟೋ ಪಟ್ಟು ಜಾಸ್ತಿ ಕೊಡುತ್ತಾರೆ. ರಿಪೇರಿ ಮಾಡುವ ಒಬ್ಬರು, 'ಹಳೆಯದನ್ನು ಉಜ್ಜಿ ನಿಮ್ಮ ನಂಬರ್ ಹೊಡೆದುಕೊಡಲಾ, ಅದೇ ಅಚ್ಚು ಇದೆ' ಅಂದರು. ಬೇಡ ಅಂದೆ. ಆ ಅಂಕೆಗಳ ಇನ್ನೊಂದು ಪಿಸ್ತೂಲು ಎಲ್ಲೋ ಯಾರ ಬಳಿಯೋ ಇರಬಹುದು. ನಂಬರ್ ಅಳಿಸಿದರೆ ಆ ಜೋಡಿ ಮತ್ತೆ ಸೇರುವ ದಾರಿಯೇ ಮುಚ್ಚಿಹೋಗುತ್ತದೆ. ಯಾರಾದರೂ ನಿಮಗೂ ಹೀಗೆ ಹೇಳಿದರೆ ಒಪ್ಪಬೇಡಿ. ಕೊಳ್ಳುವಾಗಲೂ ನಂಬರಿನ ಸುತ್ತ ಲೋಹ ತಗ್ಗಾಗಿದೆಯಾ, ಅಂಕೆಗಳ ಆಳ ಒಂದೇ ಸಮ ಇದೆಯಾ ನೋಡಿ.

ಆರೈಕೆ ಬಗ್ಗೆ ಬಹಳ ಜನ ಕೇಳುತ್ತಾರೆ. ಮರಳು ಕಾಗದ ಹತ್ತಿರ ತರಬೇಡಿ. ಮೇಲಿನ ಕಪ್ಪು, ಗೀರು, ಕೈ ತಾಗಿ ಬಂದ ಹೊಳಪು ಇದೆಯಲ್ಲ, ಹವ್ಯಾಸದವರು ದುಡ್ಡು ಕೊಡುವುದೇ ಅದಕ್ಕೆ. ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿ, ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ ತೆಳ್ಳಗೆ ಹಚ್ಚಿದೆ. ಮ್ಯೂಸಿಯಂಗಳಲ್ಲೂ ಇದನ್ನೇ ಬಳಸುವುದು. ಕಬ್ಬಿಣಕ್ಕೆ ಎಣ್ಣೆಯ ಪಸೆ ಸಾಕು. ಇನ್ನೊಂದು ಮಾತು, ಪಿಸ್ತೂಲನ್ನು ಪೆಟ್ಟಿಗೆಯೊಳಗೇ ಇಟ್ಟು ವರ್ಷಗಟ್ಟಲೆ ಬಿಡಬೇಡಿ. ನೋಡಲು ಚೆಂದ, ಆದರೆ ಮರ ತೇವ ಹಿಡಿಯುತ್ತದೆ, ಒಳಗೆ ತುಕ್ಕು ಶುರುವಾಗುತ್ತದೆ. ಚರ್ಮದ ಹೋಲ್ಸ್ಟರ್ ಆದರೆ ಇನ್ನೂ ಬೇಗ. ನಾನು ಎರಡನ್ನೂ ಬೀಗದ ಕಪಾಟಿನಲ್ಲಿ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ, ತೇವದ ಮೀಟರ್ ಒಂದನ್ನು ಪಕ್ಕದಲ್ಲಿಟ್ಟಿದ್ದೇನೆ.

ಗುಂಡು ಹಾರಿಸಿದೆಯಾ ಅಂತ ಕೇಳುವವರಿಗೆ, ಇಲ್ಲ. ಹಾರಿಸುವ ಯೋಚನೆಯೂ ಇಲ್ಲ. ನೂರು ವರ್ಷದ ಸ್ಪ್ರಿಂಗ್, ನೂರು ವರ್ಷದ ಮರ. ಹಾರಿಸಲೇಬೇಕು ಅನ್ನುವವರು ಮೊದಲು ಬಂದೂಕು ರಿಪೇರಿ ತಿಳಿದ ಗನ್‌ಸ್ಮಿತ್‌ಗೆ ತೋರಿಸಿ. ಸೋವಿಯತ್ ಕಾಲದ 7.62 ಟೋಕರೆವ್ ಗುಂಡು ಸಿ96ರೊಳಗೆ ಕೂರುತ್ತದೆ, ಆದರೆ ಅದರ ಒತ್ತಡ ಜಾಸ್ತಿ. ಹಳೆಯ ಪಿಸ್ತೂಲಿಗೆ ಅದನ್ನು ಹಾಕಬೇಡಿ, ಹಿಡಿದವರ ಮುಖಕ್ಕೂ ಅಪಾಯ.

ಊರಿನ ಸ್ನೇಹಿತರು ಕೇಳಿದ್ದು, 'ರಜೆಗೆ ಬರುವಾಗ ಆ ಮರದ ಪೆಟ್ಟಿಗೆಯನ್ನಾದರೂ ತಾ, ನೋಡೋಣ' ಅಂತ. ತರಲಾರೆ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಯುಧದ ಬಿಡಿಭಾಗಗಳೂ ಆಯುಧ ಅನ್ನುವ ವ್ಯಾಖ್ಯಾನದೊಳಗೆ ಬರುತ್ತವೆ. ಅಮೆರಿಕದಲ್ಲಿ ಸ್ಟಾಕ್ ಒಂದೇ ಇದ್ದರೆ ಆಯುಧ ಅಲ್ಲ ಅನ್ನುವ ಮಾತು ಬೆಂಗಳೂರಿನ ಕಸ್ಟಮ್ಸ್ ಕೌಂಟರ್‌ನಲ್ಲಿ ನಡೆಯುವುದಿಲ್ಲ. ಸೂಟ್‌ಕೇಸಿನಲ್ಲಿ ಹಾಕಿಕೊಂಡು ವಿಮಾನ ಹತ್ತುವ ಯೋಚನೆಯನ್ನು ಯಾರೂ ಮಾಡಬೇಡಿ.

ಈಗ ಉಳಿದಿರುವ ಕೆಲಸ ಎರಡು. ಸ್ಟಾಕ್ ಸುತ್ತ ಕಟ್ಟುವ ಚರ್ಮದ ಪಟ್ಟಿ ನನ್ನದರ ಜೊತೆ ಬಂದಿಲ್ಲ, ಅದರ ಹುಡುಕಾಟ ಶುರು ಮಾಡಿದ್ದೇನೆ. ಒಳ್ಳೆಯ ಸ್ಥಿತಿಯಲ್ಲಿ ಇರುವುದು ಸಿಗುವುದು ಸ್ಟಾಕ್‌ಗಿಂತ ಕಷ್ಟ ಅನ್ನುತ್ತಾರೆ ಹಿರಿಯರು. ಇನ್ನೊಂದು ಕೆಲಸ ಕಾಗದದ್ದು. ಪಿಸ್ತೂಲು ಕೊಂಡ ರಸೀದಿ, ಲೈಸೆನ್ಸ್ ಪ್ರತಿ, ಸಿ ಆಂಡ್ ಆರ್ ಪಟ್ಟಿಯ ಆ ಪುಟ, ಸ್ಟಾಕ್‌ನ ಒಳಗಿನ ಫೋಟೋಗಳು, ಆ ಮಗಳು ಕಳಿಸಿದ ಚೀಟಿ ಎಲ್ಲವನ್ನೂ ಒಂದೇ ಫೈಲ್‌ಗೆ ಸೇರಿಸಿದ್ದೇನೆ. ಅದರ ಮೊದಲ ಹಾಳೆಯಲ್ಲಿ ಹೆಂಡತಿಗೆ ಅಂತ ಬರೆದಿದ್ದೇನೆ: ಪಿಸ್ತೂಲನ್ನೂ ಸ್ಟಾಕನ್ನೂ ಬೇರೆ ಮಾಡಿ ಮಾರಬೇಡ, ಸ್ಟಾಕನ್ನು ಬೇರೆ ಯಾವ ಪಿಸ್ತೂಲಿಗೂ ಹಾಕಲು ಬಿಡಬೇಡ, ಏನೇ ಮಾಡುವ ಮೊದಲು ಈ ಹಾಳೆಯಲ್ಲಿರುವ ವಕೀಲರಿಗೆ ಫೋನ್ ಮಾಡು.